ಹಾರುವ ಬಿಳುಪು

ಗುರುವಾರ ಸಂಜೆ ದಕ್ಕೆಯಿಂದ ಹೊರಟು
ಸೀಮೆಎಣ್ಣೆಯಲ್ಲಿ ಕೈ ತೊಳೆದು, ಮತ್ತೆ ಸಾಬೂನಿನಲ್ಲಿ ತೊಳೆದು,
ಆದರೂ ಬಂಗುಡೆಯ ವಾಸನೆ ಹೊತ್ತು
ಕಂಕನಾಡಿಯ ಆ ಮಾಳಿಗೆ ಹತ್ತುತ್ತೇನೆ.
ಕೆಳಗೆ ಕನ್ನಡಕದ ಅಂಗಡಿ. ಮೇಲೆ
ಐರಿನ್ ಲಸ್ರಾದೊ ಬಾಯಿಯ ಚೀನಾ ಚಿತ್ರದ ಕ್ಲಾಸು.

ನಾವು ಐವರು. ಮೂಳೆ ಡಾಕ್ಟರು, ಕಾಲೇಜಿನ ಇಬ್ಬರು ಹುಡುಗಿಯರು,
ಅಂಚೆಚೀಟಿಯ ಹುಚ್ಚಿನಿಂದ ಬಂದ ನಿವೃತ್ತ ಪೋಸ್ಟ್‌ಮಾಸ್ತರು,
ಮತ್ತೆ ನಾನು, ಬೋಟಿನ ಮೂತಿಗೆ ಹೆಸರು ಬರೆಯುವವ.
ಎಂತಕ್ಕೆ ಬಂದದ್ದು? ಅಂತ ಮೊದಲ ದಿನ ಬಾಯಿ ಕೇಳಿದರು.
ಅಕ್ಷರ ನೋಡ್ಲಿಕ್ಕೆ.
ಚೀನೀ ಓದ್ಲಿಕ್ಕೆ ಬರ್ತದಾ?
ಇಲ್ಲ.
ಒಳ್ಳೇದು, ಅಂದರು. ಓದುವವರಿಗೆ ನೋಡ್ಲಿಕ್ಕೆ ಪುರುಸೊತ್ತಿಲ್ಲ.

ಹಾಂಕಾಂಗಿನ ಹಡಗು ಕಂಪೆನಿಯಲ್ಲಿ ಇಪ್ಪತ್ತು ವರ್ಷ ಟೈಪು ಕುಟ್ಟಿದವರು,
ರಜೆಯಲ್ಲೆಲ್ಲ ಮ್ಯೂಸಿಯಮ್ಮಿನ ತಣ್ಣನೆ ಕೋಣೆಗಳಲ್ಲಿ ನಿಂತು ನಿಂತು
ಮೊಣಕಾಲು ಹಾಳುಮಾಡಿಕೊಂಡವರು.
ಪ್ರೊಜೆಕ್ಟರು ಗೊರಗುಡುತ್ತದೆ. ಗೋಡೆಯ ಮೇಲೆ ಬೆಟ್ಟ.
ಬೆಟ್ಟದ ಸೊಂಟಕ್ಕೆ ಮಂಜು. ಮಂಜು ಅಂದರೆ
ಯಾರೂ ಏನೂ ಬಳಿಯದ ಜಾಗ.
ಬುಡದಲ್ಲಿ ಸಾಸಿವೆಯಷ್ಟು ಮನುಷ್ಯ, ಅವನದೊಂದು ಕೊಡೆ.
ಇವ ಯಾರು? ಪೋಸ್ಟ್‌ಮಾಸ್ತರ ಪ್ರಶ್ನೆ.
ನೀವೇ ಅಂದುಕೊಳ್ಳಿ. ಬೆಟ್ಟ ಹತ್ತಲಿಕ್ಕುಂಟು.

ಒಂದು ವಾರ ಪೂರ್ತಿ ನಕಲುಗಳ ಪಾಠ.
ಹೊಳೆಬದಿಯ ಕೂಟದಲ್ಲಿ ಒಬ್ಬ ಹದವಾಗಿ ಕುಡಿದು ಬರೆದನಂತೆ;
ಮರುದಿನ ಅವನಿಗೇ ಹಾಗೆ ಬರೆಯಲಾಗಲಿಲ್ಲವಂತೆ.
ಆ ಕಾಗದವನ್ನು ಒಬ್ಬ ರಾಜ ಗೋರಿಯೊಳಗೆ ಕೊಂಡುಹೋದನಂತೆ.
ಉಳಿದದ್ದು ನಕಲು, ನಕಲಿನ ನಕಲು,
ಕಲ್ಲಿಗೆ ಕೆತ್ತಿ ಕಾಗದ ಒತ್ತಿ ತೆಗೆದ ನಕಲು.
ಸಾವಿರ ವರ್ಷಕ್ಕೂ ಮಿಕ್ಕಿ ಜನ
ಇಲ್ಲದ ಒಂದು ಕೈಯಿಂದ ಕಲಿಯುತ್ತಿದ್ದಾರೆ.
ಮೂಳೆ ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮ ಅಕ್ಷರ ಓಲೆಗರಿಗೆ ಹೆದರಿ ಉರುಟಾಯಿತು ಅನ್ನುತ್ತಾರೆ,
ಕಂಟ ನೇರ ಎಳೆದರೆ ಗರಿ ಸೀಳುತ್ತದೆ.
ಅವರದು ಕೂದಲ ತುದಿ, ಒದ್ದೆ ಮಸಿ:
ಒತ್ತಬಹುದು, ಎತ್ತಬಹುದು,
ತಿದ್ದಬಾರದು.

ಬೆರಳಲ್ಲಿ ಹಿಂಬಾಲಿಸಿ, ಅನ್ನುತ್ತಾರೆ ಬಾಯಿ.
ಕತ್ತಲೆಯಲ್ಲಿ ಐದು ತೋರುಬೆರಳು ಏಳುತ್ತವೆ.
ಇಲ್ಲಿ ಉಸಿರು ಹಿಡಿದ. ಇಲ್ಲಿ ಬಿಟ್ಟ.
ಇಲ್ಲಿ ಮಸಿ ತೀರಿತು, ಕೈ ನಿಲ್ಲಲಿಲ್ಲ;
ಕುಂಚದ ಕೂದಲು ಬಿಡಿಬಿಡಿಯಾಗಿ
ಗೆರೆಯೊಳಗಿಂದ ಕಾಗದ ಇಣುಕಿತು.
ಹಾರುವ ಬಿಳುಪು ಅಂತ ಅವರಲ್ಲಿ ಅದಕ್ಕೆ ಹೆಸರು.

ಜುಲೈಯಲ್ಲಿ, ಬೋಟುಗಳೆಲ್ಲ ದಡದಲ್ಲಿ ಒರಗಿದ್ದಾಗ,
ಇದ್ದಿನಬ್ಬ ಕೊಂಡ ಹಳೇ ಬೋಟಿನ ಮೂತಿ ಕೆರೆಯುತ್ತಿದ್ದೆ.
ನೀಲಿ, ಅದರಡಿ ಹಸಿರು, ಅದರಡಿ ಕಿತ್ತಳೆ,
ಬಣ್ಣಕ್ಕೊಬ್ಬ ಧಣಿ,
ಸುರುಳಿಚಿತ್ರದ ಅಂಚಲ್ಲಿ ಒಡೆಯರು ಒತ್ತುತ್ತ ಬಂದ
ಕೆಂಪು ಮುದ್ರೆಗಳ ಹಾಗೆ.
ಐದನೇ ಪದರದಿಂದ ಒಂದು 'ಲ' ಎದ್ದಿತು.

ದೂಮಣ್ಣ ಮೆಂಡನರ 'ಲ'.
ಹೊಟ್ಟೆಯಲ್ಲಿ ದಪ್ಪ, ಬಾಲದಲ್ಲಿ ಬಣ್ಣ ಒಣಗಿ
ಮರ ಕಾಣುವ 'ಲ'. ಬೇರೆ ಯಾರದೂ ಅಲ್ಲ.
ಹದಿನಾಲ್ಕರ ಪ್ರಾಯದಲ್ಲಿ ಅವರ ಡಬ್ಬ ಹಿಡಿದು ನಿಂತು ಕೇಳಿದ್ದೆ:
ಅಲ್ಲಿಗೆ ಇನ್ನೊಂದು ಕೈ ಹಾಕಬೇಡವಾ?
ಧಣಿ ಕೊಟ್ಟ ಬಣ್ಣ ಅಷ್ಟೇ, ಅಂದಿದ್ದರು ಬೀಡಿ ಕಚ್ಚಿಕೊಂಡು.
ಸುಳ್ಳು.
ಡಬ್ಬದಲ್ಲಿ ಇನ್ನೂ ಇತ್ತು. ಹಿಡಿದವ ನಾನಲ್ಲವಾ.

ಅವರು ತೀರಿ ಎಂಟು ವರ್ಷ. ಅವರು ಬರೆದ ಬೋಟುಗಳು
ಒಡೆದು ಸೌದೆಯಾದವು. ಈಗಿನವಕ್ಕೆ ಸ್ಟಿಕ್ಕರು.
ಬೆರಳಿಟ್ಟೆ. ಇಲ್ಲಿ ಉಸಿರು ಹಿಡಿದರು. ಇಲ್ಲಿ...
ಎಂತ ಮಾರಾಯ, ಬೋಟಿಗೆ ಜ್ವರ ನೋಡುದಾ?
ಹಿಂದೆ ಇದ್ದಿನಬ್ಬ.
ಹೌದು, ಅಂದೆ.

ತೆಳು ಕಾಗದ ಹಚ್ಚಿ, ಇದ್ದಿಲು ಉಜ್ಜಿ, ಅದನ್ನು ತೆಗೆದುಕೊಂಡೆ.
ಬಾಯಿ ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು,
ಏನು ಬರೆದದ್ದು ಅಂತ ಕೇಳಲಿಲ್ಲ. ಯಾರ ಕೈ? ಅಂದರು.

ಎರಡು ಕೋಟು ಬಿಳಿ ಹೊಡೆದು ಹೊಸ ಹೆಸರು ಬರೆದೆ:
ನಿಹಾಲ್. ಇದ್ದಿನಬ್ಬನ ಮೊಮ್ಮಗ.
ಕೊನೆಯ ಬಾಲಕ್ಕೆ ಬರುವಾಗ ಕುಂಚ ಅದ್ದಲಿಲ್ಲ.
ಬಣ್ಣ ಸಾಕಾಗಲಿಲ್ಲವಾ? ಅಂತ ಅವ
ಐವತ್ತು ರೂಪಾಯಿ ಹಿಡಿದುಕೊಂಡ.
ಇಲ್ಲ, ಅಂದೆ.
ಡಬ್ಬದೊಳಗೆ ಇಣುಕುವ ಹುಡುಗ ಯಾರೂ ಪಕ್ಕದಲ್ಲಿರಲಿಲ್ಲ.