ಮೂರು ಪಾಯಿಂಟ್ ಎರಡು

ಮೂವತ್ತೊಂದು ವರ್ಷ ಪೀಣ್ಯ ಎರಡನೇ ಹಂತದಲ್ಲಿ
ಗೇಟು, ಗ್ರಿಲ್ಲು, ನೀರಿನ ಟ್ಯಾಂಕು ಬೆಸೆದವನು ನಾನು.
ತಗಡಿನ ಅಂಚು ಬೆರಳಿಗೆ ತಾಕಿದರೆ ಸಾಕು,
ಎಂಬತ್ತು ಆಂಪಿಗೋ ನೂರಿಪ್ಪತ್ತಕ್ಕೋ
ಕಿವಿ ಹಿಂಡಿದ ಹಾಗೆ ಗುಂಡಿ ತಿರುಗಿಸುತ್ತದೆ ಕೈ, ನನ್ನನ್ನು ಕೇಳದೆ.
ಇವತ್ತು ಎಸ್.ಪಿ. ರೋಡಿನ ಒಂದು ಸಂದಿಯಲ್ಲಿ
ಪೆನ್ನಿನುದ್ದದ ಕೊಳವೆ ಹಿಡಿದು
ಮೊದಲ ದಿನದ ಹೆಲ್ಪರ್ ಹುಡುಗನಂತೆ ನಿಂತಿದ್ದೇನೆ:
"ಎಷ್ಟು ವೋಲ್ಟಿಗೆ ಇಡಬೇಕು ಸಾಬ್ರೆ, ಇದನ್ನ?"

ಕುವೈತಿನಿಂದ ರಜೆಗೆ ಬಂದ ಭಾವಮೈದ ತೇಜಮೂರ್ತಿ
ಖರ್ಜೂರದ ಡಬ್ಬಿಯ ಜೊತೆ ಕೊಟ್ಟುಹೋದದ್ದು.
"ಸಿಗರೇಟು ಬಿಡಿ ಭಾವ, ಇದನ್ನ ಹಿಡೀರಿ."
ಬಿಡುವುದಕ್ಕೂ ಏನಾದರೊಂದು ಹಿಡಿದುಕೊಳ್ಳಬೇಕೇನೋ.
ಇಲ್ಲಿ ಇದನ್ನು ಮಾರುವಂತಿಲ್ಲ ಎಂದು ಅವನಿಗೆ ಗೊತ್ತಿತ್ತು,
ನನಗೆ ಆಮೇಲೆ ಗೊತ್ತಾಯಿತು.

ಜಬೀವುಲ್ಲಾ ಕನ್ನಡಕ ಹಣೆಗೇರಿಸಿದ.
ಅಂಗಡಿ ಅಂದರೆ ಮೂರಡಿ ಮೇಜು,
ಸತ್ತ ರಿಮೋಟುಗಳ ಗುಡ್ಡೆ, ಮೊಳೆಗೆ ತೂಗಿದ ಒಂದು ಮೀಟರು.
"ಮಾರಲ್ಲ, ರಿಪೇರೀನೂ ಮಾಡಲ್ಲ.
ಸೆಲ್ಲು ನೋಡಿ ಹೇಳ್ತೀನಿ, ಅಷ್ಟೆ."
ಕೆಂಪು ಕಡ್ಡಿ ಒಂದು ಕಡೆ, ಕಪ್ಪು ಕಡ್ಡಿ ಇನ್ನೊಂದು ಕಡೆ ಒತ್ತಿ
ನಾಡಿ ಹಿಡಿದ ಹಕೀಮನಂತೆ ಸುಮ್ಮನಾದ.

"ತುಂಬಿದಾಗ ನಾಲ್ಕು ಪಾಯಿಂಟ್ ಎರಡು.
ಬಳಸ್ತಾ ಬಳಸ್ತಾ ಮೂರೂ ಮುಕ್ಕಾಲು.
ಮೂರಕ್ಕೆ ಬಂತೋ, ಮನೆಗೆ ಹೋಗು ಅನ್ನುತ್ತೆ.
ಇಲ್ಲಿ ಬುಡದಲ್ಲಿ ತಿರುಗುಣಿ ಇದೆ ನೋಡಿ,
ಅದು ಮಾತ್ರ ಸೆಲ್ಲಿನದಲ್ಲ, ನಿಮ್ಮ ಆಸೇದು."

ಜೋರಾಗಿ ಇಟ್ಟರೆ?
"ಒಳಗೆ ಹತ್ತಿ, ಹತ್ತೀಲಿ ರಸ, ಸುತ್ತ ತಂತಿ.
ತಂತಿ ಅವಸರ ಮಾಡಿದರೆ ಹತ್ತಿ ಒಣಗುತ್ತೆ.
ಒಣ ಹತ್ತಿ ಸುಟ್ಟರೆ ಹೆಂಗಿರುತ್ತೆ ಅಂತ
ದೀಪ ಹಚ್ಚೋ ಮನೆಯವರಿಗೆ ನಾನು ಹೇಳಬೇಕಾ?"

ಹೇಳಬೇಕಿರಲಿಲ್ಲ.
ಎಣ್ಣೆ ಮುಗಿದ ಮೇಲೂ ಉರಿಯುವ ಬತ್ತಿಯ ವಾಸನೆ
ಅಪ್ಪನ ತಲೆದೆಸೆಯಲ್ಲಿ ಒಂದು ರಾತ್ರಿ ಕುಡಿದಿದ್ದೇನೆ.
ದಿನಕ್ಕೆರಡು ಕಟ್ಟು ಬೀಡಿ ಅವನದು.
ಟಾರ್ಚಿನ ಸೆಲ್ಲು ಸೋತರೆ ದವಡೆಯಲ್ಲಿ ಕಚ್ಚಿ,
ಹೆಂಚಿನ ಮೇಲೆ ಬಿಸಿಲಿಗಿಟ್ಟು
ಇನ್ನೆರಡು ರಾತ್ರಿಯ ಬೆಳಕು ಹಿಂಡುತ್ತಿದ್ದ.
ಒಂದೂವರೆ ವೋಲ್ಟು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.
ಜೀವ ಇದೆ, ಜೀವ ಇಲ್ಲ. ಎರಡೇ ಅಳತೆ.

"ಹೊಸಬರಿಗೆ ಮೂರು ಪಾಯಿಂಟ್ ಎರಡು," ಅಂದ ಜಬೀವುಲ್ಲಾ.
"ಸಾಲದು ಅನ್ನಿಸುತ್ತೆ. ಅನ್ನಿಸಲಿ."
ದುಡ್ಡು ಮುಟ್ಟಲಿಲ್ಲ. ಮೂಲೆಯ ಗಾಡಿಯಲ್ಲಿ ಚಾ, ಬೈ ಟೂ.

ಮುಚ್ಚಿದ ಯಾರದೋ ಶಟರಿನ ಮರೆಗೆ ನಿಂತು ಎಳೆದೆ.
ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗಿನ ಆವಿ;
ಏಲಕ್ಕಿ ಎಂದು ಅದರ ಕಿವಿಯಲ್ಲಿ ಯಾರೋ ಸುಳ್ಳು ಹೇಳಿದ್ದಾರೆ.
ಎದೆ ಕೇಳಿತು: ಇಷ್ಟೇನಾ?
ಬೆರಳು ಬುಡಕ್ಕೆ ಹೋಯಿತು. ಮೂರೂವರೆ. ನಾಲ್ಕು.
ಬೆರಳಿಗೇನು, ಎಲ್ಲವನ್ನೂ ದಪ್ಪ ಕಬ್ಬಿಣ ಅಂದುಕೊಂಡಿದೆ.
ನಾಲ್ಕೂವರೆಗೆ ಗಂಟಲ ತುಂಬ ಸುಟ್ಟ ಬತ್ತಿ.
ಕೆಮ್ಮಿ ಕೆಮ್ಮಿ ಗೋಡೆ ಹಿಡಿದೆ.
ಸೀಬೆಹಣ್ಣಿನ ಗಾಡಿಯವಳು ನೀರಿನ ಬಾಟಲಿ ಚಾಚಿದಳು,
ಏನೂ ಕೇಳಲಿಲ್ಲ.

ತಗಡು ತೆಳುವಿದ್ದರೆ ಕರೆಂಟು ಇಳಿಸು,
ಇಲ್ಲದಿದ್ದರೆ ತೂತು ಬೀಳುತ್ತೆ ಬೋಳೀಮಗನೆ,
ಎಂದು ಎಷ್ಟು ಹುಡುಗರಿಗೆ ಬೈದು ಕಲಿಸಿಲ್ಲ!
ಡಾಕ್ಟರು ಎಕ್ಸ್‌ರೇ ಕಿಟಕಿಗೆ ಹಿಡಿದು ತೋರಿಸಿದಾಗ
ಯಾಕೆ ಹೊಳೆಯಲಿಲ್ಲ
ಎಷ್ಟು ತೆಳು ತಗಡು ಅದು ಅಂತ.

ಹಿಂದಕ್ಕೆ ತಿರುಗಿಸಿ ಜೇಬಿಗಿಟ್ಟೆ.

ಚಿಕ್ಕಪೇಟೆ ಮೆಟ್ರೋದ ತಟ್ಟೆಯಲ್ಲಿ
ಟಿಫನ್ ಡಬ್ಬಿ, ಕೀಲಿಗೊಂಚಲು, ಕೊಳವೆ.
"ಏನ್ರೀ ಇದು?" ಅಂದಳು ಕಾವಲಿನ ಹುಡುಗಿ.
ಬಾಯಿಗೆ ಬಂದ ಸುಳ್ಳು ಒಂದೇ: "ಟಾರ್ಚು."
ಒತ್ತಿ ನೋಡಿದಳು. ತುದಿಯಲ್ಲಿ ಸಾಸಿವೆಯಷ್ಟು ನೀಲಿ.
"ಬೆಳಕೇ ಇಲ್ವಲ್ಲ ಇದರಲ್ಲಿ?"
"ಹೊಸದಮ್ಮ," ಅಂದೆ,
"ಕಡಿಮೆಗೆ ಇಟ್ಟಿದೀನಿ."