ಅಡಿಗೆರೆ

ಕ್ಲೈಪೇಡಾದಲ್ಲಿ ಫೆಬ್ರುವರಿ. ಬಂದರಿನ ಕ್ರೇನುಗಳು
ಸೊಂಟದಿಂದ ಮೇಲಕ್ಕೆ ಮಂಜಿನಲ್ಲಿ ಇಲ್ಲ.
ಹಡಗು ಮ್ಯೂಸಿಯಮ್ಮಿನ ಮೂರನೆಯ ಮಹಡಿಯಲ್ಲಿ ಸ್ಕೈಸ್ತೆ
ಬೀಟ್‌ರೂಟಿನ ಸೂಪು ಆರಲು ಬಿಟ್ಟು
ಕೊಂಡಿಗಳಿಗೆ ಬಟ್ಟೆ ತೊಡಿಸುತ್ತಿದ್ದಾಳೆ.

ಹುಟ್ಟಿನಿಂದ ಅವಕ್ಕೆ ನೀಲಿ. ಕೆಳಗೊಂದು ಗೆರೆ.
"ಒರಟು," ಅಂದಳು. "ಅಜ್ಜಿಯ ಕಾಲದ್ದು."
ಸಿಎಸ್‌ಎಸ್‌ನಲ್ಲಿ ಒಂದೇ ಸಾಲು ಬರೆದಳು, ಅಲಂಕಾರ: ಇಲ್ಲ.
ನಾಲ್ಕುನೂರು ಹಡಗುಗಳ ಹೆಸರಿನಡಿಯ ಗೆರೆ
ಹೊಲಿಗೆ ಬಿಚ್ಚಿದ ದಾರದ ಹಾಗೆ
ಸರ್ರನೆ ಕಿತ್ತುಬಂತು.
ನೀಲಿಯನ್ನೂ ತೊಳೆದಳು, ತೊಳೆದಳು,
ಬೂದಿಗೆ ಒಂದು ಹನಿ ಕಡಲು ಬಿದ್ದಂತಾಗುವ ತನಕ.
ಕೀಲಿ ಒತ್ತಿದಾಗ ಕೊಂಡಿಯ ಸುತ್ತ ಮೂಡುವ ಆ ಉಂಗುರ,
ಅದನ್ನೂ ತೆಗೆದಳು.

ಚಂದ, ಅಂದೆ ನಾನು.
ಚಂದವೇ ಆಗಿತ್ತು, ಈಗ ಸುಳ್ಳು ಹೇಳಲಾರೆ.

ಹೋವರ್ ಒಂದಕ್ಕೇ ಎರಡು ದಿನ ಹಿಡಿಯಿತು.
ಬಾಣ ಮೇಲೆ ಸುಳಿದರೆ ಜೇನುಬಣ್ಣ
ಒಳಗಿಂದ ಏರಬೇಕು, ಸೆಕೆಂಡಿನ ಐದನೇ ಒಂದು ಭಾಗದಲ್ಲಿ,
ದಂಡೆಯ ಅಂಬರು ಕಲ್ಲನ್ನು ಬಿಸಿಲಿಗೆ ಹಿಡಿದ ಹಾಗೆ.

ಗುರುವಾರ ಜಿಗ್ಮಾಸ್ ಬಂದ.
ಮೂವತ್ತೊಂದು ವರ್ಷ ಕ್ರೇನಿನ ಗೂಡಿನಲ್ಲಿ ಕೂತವನು.
ಈಗ ಬಲಗೈ ತಾನಾಗಿ ನಡುಗುತ್ತದೆ;
ಮೌಸು ಅವನಿಗೆ ಬಲೆಯಿಂದ ಆಗತಾನೆ ತೆಗೆದ ಮೀನು.
ಹಾಗಾಗಿ ಎಡಗೈಯ ಒಂದು ಬೆರಳು, ಟ್ಯಾಬ್ ಕೀಲಿ,
ಟಕ್.
ಟಕ್.
ಪುಟ ಮಿಸುಕಲಿಲ್ಲ. ಹನ್ನೊಂದು ಸಲ ಒತ್ತಿ
ಟೋಪಿ ತೆಗೆದು ಮಂಡಿಯ ಮೇಲಿಟ್ಟ.

"ಮಗಳೇ, ನಾನೀಗ ಎಲ್ಲಿದ್ದೇನೆ?"

ದೂರು ಇರಲಿಲ್ಲ ದನಿಯಲ್ಲಿ. ದಾರಿ ಕೇಳುವವರ ದನಿ.
"ಕೊಂಡಿ ಅಂದರೆ ನನಗೆ ಗೊತ್ತು. ಅದನ್ನೇ ಇಳಿಸಿ ಬದುಕಿದವನು.
ಮಂಜು ಕವಿದರೆ ಕೆಳಗಿನವನು ದೀಪ ಆಡಿಸುತ್ತಿದ್ದ,
ದೀಪ ಕಾಣದೆ ನಾನು ಒಂದು ಗೇಣೂ ಇಳಿಸಿದವನಲ್ಲ.
ಇಲ್ಲಿ ಕೆಳಗೆ ಯಾರಿದ್ದಾರೆ?"

ಸೂಪು ಕೆನೆಗಟ್ಟಿತ್ತು. ಸ್ಕೈಸ್ತೆ
ಏನೂ ಅನ್ನದೆ ಕೂತು ಬರೆದಳು.
ಮೊದಲು ಮುಟ್ಟದ ಕೊಂಡಿ, ಆಮೇಲೆ ಹೋಗಿಬಂದದ್ದು,
ಆಮೇಲೆ ಸುಳಿದದ್ದು, ನಿಂತದ್ದು, ಒತ್ತಿದ್ದು.
ಈ ಸರದಿ ತಪ್ಪುವಂತಿಲ್ಲ:
ತೂಕ ಸಮನಾದರೆ ಇಲ್ಲಿ
ಕೊನೆಗೆ ಬಂದವರದೇ ಮಾತು.
ನಿಂತದ್ದಕ್ಕೆ ಉಂಗುರ ಕೊಟ್ಟಳು, ಎರಡು ಪಟ್ಟು ದಪ್ಪ,
ದೋಣಿಯ ಪಕ್ಕೆಗೆ ನೇತುಹಾಕುವ ಟೈರಿನಷ್ಟು ನಾಚಿಕೆಗೆಟ್ಟದ್ದು.
ಗೆರೆ ವಾಪಸು ಬಂತು. ನೀಲಿಯೂ, ಮುಕ್ಕಾಲು ಪಾಲು.
ಜೇನುಬಣ್ಣ ಮಾತ್ರ ಇದ್ದಲ್ಲೇ ಉಳಿಯಿತು;
ಅವನ ಬಾಣ ಎಂದೂ ಅತ್ತ ಸುಳಿಯದು,
ಅದು ಅವನು ನೋಡದ ಎರಡು ದಿನ.

ಟಕ್, ಉಂಗುರ ಒಂದು ಹೆಸರಿಂದ ಇನ್ನೊಂದಕ್ಕೆ ಹಾರಿತು.
ಜಿಗ್ಮಾಸ್ ನಕ್ಕ. "ಹಾಂ. ದೀಪ."

ಹೋಗಿಬಂದದ್ದು ನೇರಳೆಯಾಗುತ್ತದೆ, ಗೊತ್ತಲ್ಲ,
ಕಾಡಲ್ಲಿ ಕದ್ದು ತಿಂದವರ ನಾಲಿಗೆ ಹಾಗೆ.
ಆದರೆ ಪುಟವೇ ಬ್ರೌಸರನ್ನು ಕೇಳಲಿ,
ಈತ ಯಾವ ಹಡಗಿನ ಬಾಗಿಲು ತಟ್ಟಿದ್ದ ಎಂದು,
ಅದು ಕಣ್ಣು ಮಿಟುಕಿಸದೆ ಹೇಳುತ್ತದೆ:
ಯಾವುದೂ ಇಲ್ಲ, ಎಲ್ಲ ನೀಲಿ.
ಅಲ್ಲಿ ಬಣ್ಣ ಬಿಟ್ಟು ಬೇರೇನು ಬದಲಿಸಲೂ ಬಿಡದು,
ಅಕ್ಷರ ಒಂದು ಕೂದಲೆಳೆ ದಪ್ಪವಾದರೂ
ಅಳೆದು ಗುಟ್ಟು ಹಿಡಿಯುವವರಿದ್ದಾರೆ.
ಇಷ್ಟು ಹಟದಿಂದ ಸುಳ್ಳಾಡುವ ಗೆಳೆಯ
ನನಗೆ ಮನುಷ್ಯರಲ್ಲಿ ಒಬ್ಬನೇ ಸಿಕ್ಕಿದ್ದ.

ನಾಲ್ಕನೆಯ ಗುರುವಾರ. ಪಟ್ಟಿಯ ನಡುವೆಲ್ಲೋ
ಟಕ್ ಟಕ್ ನಿಂತಿತು.
ನಿಂತೇ ಇತ್ತು.
ಅವನ ಹೆಗಲ ಮೇಲಿಂದ ಇಣುಕಿದರೆ ಕಾಣುತ್ತಿತ್ತು
ಯಾವ ಹೆಸರು ನೇರಳೆ ಎಂದು,
ಇವತ್ತೂ ಅದೇ ಹೆಸರೇ ಎಂದು.

ಸ್ಕೈಸ್ತೆ ಎದ್ದು ಕಿಟಕಿಗೆ ಹೋದಳು,
ನನ್ನ ತೋಳು ಹಿಡಿದೆಳೆದು.
ಹೊರಗೆ ಕ್ರೇನಿನ ಕೊಂಡಿಯೊಂದು ಮಂಜಿನಿಂದ ಇಳಿಯುತ್ತಿತ್ತು,
ಬಹಳ ನಿಧಾನ,
ಕೆಳಗೆ ಯಾರೋ ಇದ್ದಾರೆ ಎಂಬಂತೆ.