ಐವತ್ತು ಕಿಲೋಮೀಟರಿಗೆ ಮೂರು ವಾರ ಮೊದಲು

ಕಕ್ಕಬ್ಬೆಯ ಸೊಸೈಟಿ ಬಾಗಿಲು ತೆರೆಯುವುದು ಹತ್ತಕ್ಕೆ.
ಅಷ್ಟರಲ್ಲಿ ತಡಿಯಂಡಮೋಳನ್ನು
ಅರ್ಧವಾದರೂ ಹತ್ತಿಳಿದಿರಬೇಕು ನಾನು.

ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು;
ಜಿಗಣೆಗಳಿಗೆ ಸ್ಪರ್ಧೆಯ ದಿನಾಂಕ ಗೊತ್ತಿಲ್ಲ.
ಹಣೆಯ ಲೈಟಿನ ಬೆಳಕಲ್ಲಿ ಆನೆಲದ್ದಿ.
ಹಬೆಯಾಡುತ್ತಿದೆಯೇ ಎಂದು ನಿಂತು ನೋಡುತ್ತೇನೆ.
ವಾಚು ಕೇಳುತ್ತದೆ: ಓಟ ಮುಗಿಸಲೇ?

ಏರಿನಲ್ಲಿ ಯಾರೂ ಓಡುವುದಿಲ್ಲ, ಎಂದರು
ಜೇನು ತೆಗೆಯುವ ಕುಡಿಯರ ಚಂಗಪ್ಪ.
ಕೈಯನ್ನು ತೊಡೆಗೊತ್ತಿ ನಡೆ.
ಇಳಿಜಾರಿಗೆ ಹೆದರಬೇಡ,
ಹೆದರಿದ ಮೊಣಕಾಲೇ ಮೊದಲು ಮುರಿಯುವುದು.
ನನ್ನ ಏಳು ಸಾವಿರದ ಬೂಟನ್ನು ಮಗುಚಿ
ಅಡಿಯ ಹಲ್ಲುಗಳನ್ನು ಎಣಿಸಿದರು,
ಎತ್ತು ಕೊಳ್ಳುವವರ ಹಾಗೆ.

'ಓಡಲಿಕ್ಕೆ ನೀವೇ ದುಡ್ಡು ಕಟ್ಟಿದ್ದೀರಾ?'
ಸೌದೆ ಹೊತ್ತ ಪಾರು ಕೇಳಿದಳು.
ಉತ್ತರಕ್ಕೆ ಕಾಯದೆ ನನ್ನನ್ನು ದಾಟಿಹೋದಳು
ಏರಿನಲ್ಲೇ.

ಇವತ್ತು ಹದಿನೆಂಟು. ಹೆಬ್ಬೆರಳ ಉಗುರು ಕಪ್ಪಾಗಿದೆ.
ಕೌಂಟರಿನ ಕೆಳಗೆ ಬೂಟು ಬಿಚ್ಚಿ
ಯಾರದೋ ಕಾಳುಮೆಣಸಿನ ತೂಕ ಬರೆದುಕೊಳ್ಳುತ್ತೇನೆ;
ದಾರಿಯಲ್ಲಿ ನೆಕ್ಕಿದ ಚಂಗಪ್ಪನವರ ಜೇನು
ಬೆರಳಿಂದ ರಶೀದಿಯ ಹಾಳೆಗೂ ಅಂಟುತ್ತದೆ.
ಕಿಟಕಿಯಾಚೆ ಬರೀ ಮಂಜು.
ಬೆಟ್ಟ ಅಲ್ಲೇ ಇದೆಯೋ ಇಲ್ಲವೋ,
ತೊಡೆಗೆ ಗೊತ್ತು.